ಅಮ್ಮ ಹೊಲಿದ ನಂಬರು

ಕಿರ್ರ್ ಎಂದಿತು ಯಾರದೋ ಶೂ, ಹೊಸಬನದೇ ಇರಬೇಕು, ಅವನು ತಿರುಗುವಾಗ ಹಿಮ್ಮಡಿ ಊರುತ್ತಾನೆ, ಮಂಡಿ ಹಾಳಾಗುತ್ತೆ ಕಣೋ ಎಂದು ಎಷ್ಟು ಸಲ ಹೇಳಿದ್ದೇನೆ, ಸರಿ ಅಣ್ಣಾ ಅಂತ ಹಲ್ಲು ಕಿರಿಯುತ್ತಾನೆ, ಹರೆಯದ ಮಂಡಿಗೆ ಯಾರ ಮಾತೂ ಕೇಳಿಸುವುದಿಲ್ಲ, ನನ್ನ ಮಂಡಿಗೂ ಕೇಳಿಸಿರಲಿಲ್ಲ — ಬೆಂಚಿನ ಈ ತುದಿ ನನ್ನದು, ನೀರಿನ ಕ್ಯಾನಿನ ಪಕ್ಕ, ಇಲ್ಲಿಂದ ನೋಡಿದರೆ ಅರ್ಧ ಅಂಕಣ ಕೋಚ್‌ನ ಬೆನ್ನಿಗೆ ಮರೆಯಾಗುತ್ತದೆ, ಅಗಲವಾದ ಬೆನ್ನು, ಇಡೀ ವರ್ಷ ನಾನು ನೋಡಿದ ಬಾಸ್ಕೆಟ್‌ಬಾಲ್ ಎಂದರೆ ಆ ಬೆನ್ನಿನ ಎಡಬಲ ಕಂಡಷ್ಟೇ. ಇವತ್ತು ಕೊನೆಯ ಪಂದ್ಯ, ಋತುವಿನದ್ದೂ ಹೌದು ನನ್ನದೂ ಹೌದು, ಮುಂದಿನ ವರ್ಷ ನಿನ್ನ ಇಟ್ಕೊಳ್ಳೋಕೆ ಆಗಲ್ಲ ಎಂದು ಮ್ಯಾನೇಜರ್ ಹೇಳಿದ್ದು ಪಾರ್ಕಿಂಗ್‌ನಲ್ಲಿ, ಕಾರಿನ ಬಾಗಿಲು ಹಿಡಿದುಕೊಂಡೇ, ಬೇಜಾರು ಮಾಡ್ಕೋಬೇಡಪ್ಪ, ನಿನ್ನಂಥ ಒಳ್ಳೇ ಹುಡುಗ ಸಿಗಲ್ಲ — ಒಳ್ಳೇ ಹುಡುಗನಂತೆ, ಕಿವಿಯ ಮೇಲೆಲ್ಲ ಬೆಳ್ಳಗಾಗಿರುವ ಹುಡುಗ. ಹಿಂದಕ್ಕೆ ತಿರುಗಿ ನೋಡಬಾರದು ಅಂದುಕೊಳ್ಳುತ್ತೇನೆ, ತಿರುಗುತ್ತೇನೆ, ಮೆಟ್ಟಿಲ ಪಕ್ಕದ ಕುರ್ಚಿಯಲ್ಲಿ ಅಮ್ಮ, ಆಚೆಗೆ ಅಕ್ಕ, ಅಮ್ಮನ ಮಡಿಲಲ್ಲಿ ನನ್ನ ಜೆರ್ಸಿ, ಅದರ ಮೇಲೆ ಅವಳ ಹೆಬ್ಬೆರಳು, ಏಳನೇ ನಂಬರಿನ ಅಡ್ಡಗೆರೆಯ ಮೇಲೆ ಹೋಗುತ್ತದೆ, ತಿರುವಿನಲ್ಲಿ ಸ್ವಲ್ಪ ನಿಲ್ಲುತ್ತದೆ, ಕೆಳಗಿಳಿಯುತ್ತದೆ. ಆಟದ ಕಡೆಗೆ ಅವಳ ಕಣ್ಣೇ ಇಲ್ಲ.

ಆ ನಂಬರು ಹೊಲಿದವಳು ಅವಳೇ, ಮೊದಲ ಕ್ಲಬ್ಬಿನಲ್ಲಿ ನಂಬರನ್ನು ಬರೀ ಅಂಟಿಸಿ ಕೊಟ್ಟಿದ್ದರು, ಒಂದೇ ಒಗೆತಕ್ಕೆ ಮೂಲೆ ಎದ್ದುಬಂತು, ಅಂಟಿಸಿದ್ದು ಎಷ್ಟು ದಿನ ಬಾಳುತ್ತೋ, ಇಲ್ಲಿ ಕೊಡು ಅಂದಳು, ಬಟ್ಟೆ ಅಂಗಡಿಯ ಹಿಂಬದಿಯಲ್ಲಿ ಕೂತು ಊರಿನವರ ಪ್ಯಾಂಟನ್ನೆಲ್ಲ ಗಿಡ್ಡ ಮಾಡುತ್ತಿದ್ದವಳು, ಗಿಡ್ಡ ಮಗನ ಜೆರ್ಸಿಗೆ ನೀಲಿ ದಾರ, ಓರೆ ಹೊಲಿಗೆ, ತಿರುವಿನಲ್ಲಿ ಮಾತ್ರ ಎರಡೆರಡು ಸಲ. ಆ ಕ್ಲಬ್ಬು ಮುಚ್ಚಿತು, ಬಂದರಿನ ಊರಿನದ್ದು ಸೇರಿದೆ, ಅಲ್ಲಿ ಮಂಡಿ ಕೈಕೊಟ್ಟಿತು, ಆಮೇಲೆ ಇಲ್ಲಿ, ಎಲ್ಲೇ ಹೋದರೂ ಏಳನ್ನೇ ಕೇಳಿ ತೆಗೆದುಕೊಂಡೆ, ಅವಳು ಹೊಲಿದೇ ಕಳಿಸಿದಳು, ಅಚ್ಚು ಹಾಕಿದ ನಂಬರಿನ ಅಂಚಿಗೂ ಹೊಲಿಗೆ ಹಾಕಿದಳು. ಗಿಡ್ಡ ಎಂದೇ ಎಲ್ಲರೂ ಕರೆಯುವುದು, ಬೀದಿಯಲ್ಲಿ ನಾನು ಉದ್ದದವನೇ, ಈ ತೆಂಗಿನಮರಗಳ ನಡುವೆ ನಿಂತಾಗ ಮಾತ್ರ ಗಿಡ್ಡ, ನನ್ನ ಕೆಲಸ ಚೆಂಡನ್ನು ತರುವುದು, ಕೊಡುವುದು, ಯಾರಿಗೆ ಯಾವಾಗ ಕೊಡಬೇಕೆಂಬುದಷ್ಟೇ ವಿದ್ಯೆ, ಕೊಟ್ಟವನನ್ನು ಯಾರೂ ನೋಡುವುದಿಲ್ಲ. ಒಮ್ಮೆ ಪೇಪರಿನಲ್ಲಿ ಬಂದೆ, ನಮ್ಮ ತಂಡದ ಎಲ್ಲರಿಗಿಂತ ಎತ್ತರದವನು, ಲಂಬು, ಗಾಳಿಯಲ್ಲಿ ಹಾರಿ ಗೆಲುವಿನ ಬುಟ್ಟಿ ಹಾಕುತ್ತಿದ್ದಾನೆ, ಫೋಟೋದ ಅಂಚಿನಲ್ಲಿ ನನ್ನ ಮೊಣಕೈ, ಆಗಷ್ಟೇ ಪಾಸು ಕೊಟ್ಟ ಮೊಣಕೈ, ಅಮ್ಮ ಅದನ್ನು ಕತ್ತರಿಸಿ ಮಿಷನ್ನಿನ ಡ್ರಾಯರಿಗೆ ಅಂಟಿಸಿ ಬಂದವರಿಗೆಲ್ಲ ತೋರಿಸುತ್ತಿದ್ದಳು, ಈ ಮೊಣಕೈ ಇದೆಯಲ್ಲ, ಇದು ನನ್ನ ಮಗಂದು. ಆದರೆ ಆಟ ನೋಡಲು ಬಂದವಳಲ್ಲ, ಪಂದ್ಯದ ಹೊತ್ತಿಗೇ ಅಂಗಡಿಯಲ್ಲಿ ಗಿರಾಕಿ, ನಾಳೆ ಬರ್ತೀನಿ ಬಿಡೋ, ಮುಂದಿನ ಸಲ ಖಂಡಿತ ಬರ್ತೀನಿ — ಅಂಗಡಿ ಬಿಟ್ಟು ಬಿಡುವಾಯಿತು ಎನ್ನುವಾಗ ಮರೆವು ಶುರುವಾಯಿತು, ಮೊದಲು ಒಲೆ ಆರಿಸುವುದು ಮರೆತಳು, ಆಮೇಲೆ ಅಪ್ಪ ತೀರಿಹೋದದ್ದನ್ನು ಮರೆತಳು, ಆಮೇಲೆ ನನ್ನನ್ನು, ಬಾಗಿಲು ತೆರೆದು ಕೇಳಿದಳಲ್ಲ, ಯಾರಪ್ಪ ನೀನು, ಮೀಟರ್ ನೋಡೋಕೆ ಬಂದ್ಯಾ. ನಕ್ಕೆ ನಾನು, ಹೌದಮ್ಮ ಎಂದೆ, ಮೀಟರಿನ ಮುಂದೆ ಹೋಗಿ ನಿಂತೂ ನಿಂತೆ, ಅಲ್ಲೇ ಗೋಡೆಗೆ ಹಣೆಯಿಟ್ಟು ಅತ್ತೆ.

ಒಂದೇ ಒಂದು ಸಲ ನೀನು ಆಡೋದನ್ನ ಅಮ್ಮ ನೋಡ್ಲಿ, ಓಡೋದು ನೋಡಿದ್ರೆ ಗೊತ್ತಾಗಬಹುದು ಎಂದಳು ಅಕ್ಕ, ನನಗೂ ಅದೇ ಆಸೆ, ಚಿಕ್ಕಂದಿನಲ್ಲಿ ಚೆಂಡು ಪುಟಿಯುವ ಸದ್ದಿನಿಂದಲೇ ನಾನು ಬೀದಿಯ ಯಾವ ತಿರುವಿನಲ್ಲಿದ್ದೇನೆಂದು ಹೇಳುತ್ತಿದ್ದಳು, ಕೋಚ್‌ಗೆ ಬೆಳಿಗ್ಗೆಯೇ ಹೇಳಿದೆ, ಸರ್, ಅಮ್ಮ ಬರ್ತಿದ್ದಾರೆ, ಸ್ವಲ್ಪ ಹೊತ್ತು ಸಾಕು, ನೋಡೋಣ ಎಂದರು, ನೋಡೋಣ ಎಂದರೆ ಇಲ್ಲ ಎಂದು ಬೆಂಚಿಗೂ ಗೊತ್ತು. ಪಂದ್ಯಕ್ಕೆ ಮೊದಲು ಕಾರಿಡಾರಿನಲ್ಲಿ, ಮುಲಾಮಿನ ವಾಸನೆ, ನನ್ನ ಎರಡೂ ಕಾಲಿಗೆ ಬಿಗಿಯಾದ ಪಟ್ಟಿ, ಜಾಕೆಟ್ಟಿನ ಜಿಪ್ಪು ಇಳಿಸಿ ತೋರಿಸಿದೆ, ನೋಡಮ್ಮ ಎಂದೆ, ಹೆಬ್ಬೆರಳು ತಾನಾಗಿ ಬಂತು, ಅಡ್ಡಗೆರೆ, ತಿರುವು, ಮುಖ ಅರಳಿತು, ಇದು ನನ್ನ ಹೊಲಿಗೆ, ನನ್ನ ಮಗಂದಿದು. ಹೌದಮ್ಮ, ನಾನೇ ಅವನು. ನೀನ್ಯಾವ ಸೀಮೆಯವನೋ, ಅವನ ಬಟ್ಟೆ ನಿನ್ನ ಮೈಮೇಲೆ ಹೇಗೆ ಬಂತು, ಬಿಚ್ಚು, ಬಿಚ್ಚು ಅಂದ್ರೆ — ಎಲ್ಲರೂ ನಿಂತು ನೋಡಿದರು, ಕೊಟ್ಟುಬಿಡೋ, ಹೇಗೂ ನಿನ್ನ ಆಡೋಕೆ ಕರೆಯಲ್ಲ ಅಂದ್ಯಲ್ಲ, ಆಮೇಲೆ ನಾನು ಇಸ್ಕೊಡ್ತೀನಿ ಎಂದಳು ಅಕ್ಕ, ಬಿಚ್ಚಿಕೊಟ್ಟೆ, ಬನಿಯನ್ನಿನ ಮೇಲೆ ಜಾಕೆಟ್ಟು ಏರಿಸಿ ಕುತ್ತಿಗೆಯವರೆಗೂ ಜಿಪ್ಪು ಎಳೆದುಕೊಂಡೆ. ಅವಳು ನಗುತ್ತಿದ್ದಳಲ್ಲ, ಅದೇ ಸಾಕು ಎನಿಸಿತು.

ಕಿರ್ರ್ — ಅದೇ ಶೂ, ಅದೇ ಹಿಮ್ಮಡಿ, ಹೊಸಬ ಮಂಡಿ ಹಿಡಿದುಕೊಂಡು ಬಿದ್ದಿದ್ದಾನೆ, ಅಯ್ಯೋ ಪಾಪ ಎನ್ನುವ ಮೊದಲೇ ನನಗೆ ಖುಷಿಯಾಯಿತು, ಥೂ, ಖುಷಿಯಾಯಿತು, ಆ ಅಗಲವಾದ ಬೆನ್ನು ತಿರುಗುತ್ತಿದೆ, ಇಡೀ ವರ್ಷದಲ್ಲಿ ಮೊದಲ ಸಲ ಕೋಚ್‌ನ ಮುಖ, ಬೆರಳು ನನ್ನ ಕಡೆಗೇ, ಗಿಡ್ಡಾ, ಹೋಗು, ಕೊನೇವರೆಗೂ ನೀನೇ ಆಡು, ಅಮ್ಮ ಬಂದಿದ್ದಾರೆ ತಾನೇ. ಕೈ ಅಭ್ಯಾಸಬಲದಿಂದ ಜಿಪ್ಪು ಇಳಿಸಿತು, ಬನಿಯನ್ನು, ಬರೀ ಬಿಳಿ ಬನಿಯನ್ನು, ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು, ಜೆರ್ಸಿ ಎಲ್ಲೋ, ಇನ್ನೊಂದಿದೆಯಲ್ಲೋ, ಅದು ಪರವೂರಿನ ಪಂದ್ಯಕ್ಕೆ ಹಾಕೋ ಬೇರೆ ಬಣ್ಣದ್ದು ಸರ್, ಬೇಗ ಬೇಗ ಎನ್ನುತ್ತಾನೆ ರೆಫ್ರಿ, ಓಡಿದೆ, ಮಂಡಿ ನೋಯಲೇ ಇಲ್ಲ, ಮೆಟ್ಟಿಲು ಹಾರಿಕೊಂಡು ಹೋಗಿ ಅಮ್ಮನ ಮುಂದೆ ಕುಕ್ಕರಿಸಿದೆ, ಅಮ್ಮಾ ಕೊಡು, ಕರೆದರು ನನ್ನ, ಕೊಡಮ್ಮ. ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಳು, ಕೊಡಲ್ಲ, ನನ್ನ ಮಗ ಈಗ ಬರ್ತಾನೆ, ಆಡೋಕೆ ಬರ್ತಾನೆ, ಬಂದಾಗ ಅವನಿಗೆ ಬೇಕಾಗುತ್ತೆ. ಅಕ್ಕ ಅಮ್ಮನ ತೋಳು ಹಿಡಿದು ಎಳೆಯುತ್ತಾಳೆ, ಬೇಡ, ಎಳೀಬೇಡ ಅಕ್ಕ — ನಾನೇ ಎಳೆದರೆ ಬಂದುಬಿಡುತ್ತದೆ, ಆ ಬೆರಳುಗಳಲ್ಲಿ ಏನು ಬಲವಿದೆ, ಕಣ್ಣು ಮಿಟುಕಿಸುವುದರೊಳಗೆ ಕಿತ್ತುಕೊಳ್ಳುವುದು ನನ್ನ ಕಸುಬು, ಎಂಥೆಂಥವರ ಕೈಯಿಂದ ಚೆಂಡು ಕಿತ್ತಿದ್ದೇನೆ, ಕೈ ಮುಂದೆ ಹೋಯಿತು, ನೀಲಿ ದಾರ ಮುಟ್ಟಿತು, ನಿಂತಿತು. ಕೆಳಗೆ ಸೀಟಿ, ಕೋಚ್ ಲಂಬುವನ್ನು ಒಳಗೆ ಕಳಿಸುತ್ತಿದ್ದಾರೆ, ಲಂಬುವಿಗೆ ಚೆಂಡು ತರಲು ಬರುವುದಿಲ್ಲ, ಯಾರಾದರೂ ತಂದುಕೊಡಬೇಕು ಅವನಿಗೆ, ಪುಟಿಯುವ ಸದ್ದು ತಾಳ ತಪ್ಪುತ್ತಿದೆ, ಅಮ್ಮ ನನ್ನ ಮುಖ ನೋಡುತ್ತಾಳೆ, ಸಿಟ್ಟು ಇಳಿದಿದೆ, ನೀನೂ ಅವನನ್ನ ನೋಡೋಕೇ ಬಂದ್ಯೇನಪ್ಪ, ಬಾ, ಇಲ್ಲಿ ಕೂತ್ಕೋ, ಚೆನ್ನಾಗಿ ಆಡ್ತಾನೆ. ಕೂತೆ. ಜೆರ್ಸಿಯನ್ನು ಮತ್ತೆ ಮಡಿಲಲ್ಲಿ ಹರಡಿದಳು, ಹೆಬ್ಬೆರಳು, ಅಡ್ಡಗೆರೆ, ತಿರುವು, ಅಲ್ಲಿ ದಾರ ಎರಡೆರಡು ಸಲ, ಹೆಬ್ಬೆರಳು ಅಲ್ಲಿ ನಿಲ್ಲುತ್ತದೆ, ಕೆಳಗಿಳಿಯುತ್ತದೆ, ಮತ್ತೆ ಅಡ್ಡಗೆರೆ, ತಿರುವು, ಹೆಬ್ಬೆರಳು