ಗೌಡರು ಒಲ್ಲದ ಪಾಲು

"ಆಕಿ ನನ್ನ ಹೊಲದಾಗ ಕೂಲಿ ಮಾಡೋ ರಂಡಿರೀ ಸಾಹೇಬ್ರ. ಇಕಿ ಹೊಲ ನಂದು ಅಂದ್ರ, ನಾಳೆ ನನ್ನ ಅಂಗಳ ಸಾರಸಾಕಿ ಮನಿ ನಂದು ಅಂತಾಳ."

ಉಮಾಪತಿಗೌಡ ಕುರ್ಚಿಗೆ ಒರಗಿದ. ತಾಲೂಕು ಕಚೇರಿಯಲ್ಲಿದ್ದವರು ನಕ್ಕರು. ಹುಲಿಗವ್ವ ಹೊಸ್ತಿಲಾಚೆ, ಬಿಟ್ಟ ಚಪ್ಪಲಿಗಳ ನಡುವೆ ನಿಂತಿದ್ದಳು. ಅವಳಿಗೆ ಸಿಟ್ಟು ಬರಲಿಲ್ಲ. ಗಂಡನನ್ನು ಮಣ್ಣು ಮಾಡಿ ಬಂದ ದಿನದಿಂದ ಸಿಟ್ಟಾಗಲಿ ಅಳುವಾಗಲಿ ಅವಳ ಹತ್ತಿರ ಸುಳಿದಿರಲಿಲ್ಲ.

ಹಿಂದಿನ ವರ್ಷ, ೧೯೪೫ರಲ್ಲಿ, ನಿಜಾಮ ಸರಕಾರ ಕಾನೂನು ತಂದಿತ್ತು: ಆರು ವರ್ಷ ಬಿಡದೆ ಪಾಲಿಗೆ ಉತ್ತವರನ್ನು ಹೊಲದಿಂದ ಎಬ್ಬಿಸುವಂತಿಲ್ಲ. ಕುಕನೂರು ಹಾದಿಯ ನಾಲ್ಕೆಕರೆ ಎರೆಹೊಲವನ್ನು ಹುಲಿಗವ್ವನ ಮನೆಯವರು ಹನ್ನೊಂದು ವರ್ಷದಿಂದ ಅರ್ಧಪಾಲಿಗೆ ಮಾಡುತ್ತಿದ್ದರು. ಕಾನೂನಿನ ಸುದ್ದಿ ಅವಳಿಗಿಂತ ಮೊದಲು ಗೌಡನಿಗೆ ಮುಟ್ಟಿತು. ಹೊಲ ಬಿಡು ಎಂದ. ಅವಳು ಕಚೇರಿಗೆ ಅರ್ಜಿ ಕೊಟ್ಟಳು.

ತಹಸೀಲ್ದಾರ ಸಾಹೇಬ ಉರ್ದುವಿನಲ್ಲಿ ಕೇಳಿದ್ದನ್ನು ಗುಮಾಸ್ತ ಶಫೀಸಾಬ ಕನ್ನಡದಲ್ಲಿ ಹೇಳಿದ: "ಸಬೂತ ಏನೈತೆವ್ವಾ? ಕಾಗದ?"

"ನಮಗ ಯಾರು ಕಾಗದ ಕೊಡ್ತಾರ್ರಿ. ಮುದ್ರಿ ಐತ್ರಿ."

ಅವಳು ಬಿಡಿಸಿ ಹೇಳಿದಳು. ಜೋಳ ತೂರಿ ರಾಶಿ ಮಾಡಿದ ಕೂಡಲೇ ಗೌಡರ ಆಳು ಕುಬೇರಪ್ಪ ಬಂದು, ಕಟ್ಟಿಗೆಯ ಮುದ್ರೆಯಿಂದ ರಾಶಿಯ ಸುತ್ತ ಬೂದಿ ಒತ್ತುತ್ತಾನೆ. ಪಾಲಾಗುವ ತನಕ ಒಂದು ಹಿಡಿ ಕದ್ದರೂ ಗುರುತು ಸಿಗಬೇಕು. ಒಂದು ವರ್ಷ ಅಳಿಲು ಓಡಾಡಿ ಮುದ್ರೆ ಕೆಟ್ಟಿತ್ತು. ಅವಳ ಗಂಡನನ್ನು ಕಣದ ಮೇಟಿಗೆ ಕಟ್ಟಿ ಹೊಡೆದಿದ್ದರು.

"ಕೂಲ್ಯಾಳು ಮಾಡಿದ ರಾಶಿ ಪೂರಾ ಗೌಡ್ರದು, ಅದಕ್ಕ ಮುದ್ರಿ ಒತ್ತಂಗಿಲ್ರಿ. ನಮ್ಮದಕ್ಕ ಒತ್ತತಾರ. ಅದರಾಗ ನಮ್ಮ ಪಾಲು ಐತಿ, ಅದಕ್ಕ."

ಸಾಹೇಬ ಆಗ ತಲೆ ಎತ್ತಿದ. ಕುಬೇರಪ್ಪನನ್ನು ಕರೆಸಿದರು. ಅವನು ಗೌಡನ ಕಾಲನ್ನೇ ನೋಡುತ್ತ, "ನಾ ಯಾವ ಮುದ್ರಿನೂ ಒತ್ತಿಲ್ರೀ ಯಪ್ಪಾ" ಅಂದ.

ಸುಗ್ಗಿಯಾದ ಮೇಲೆ ಬರಲು ವಾಯಿದೆ ಕೊಟ್ಟರು. ಮೆಟ್ಟಿಲ ಬಳಿ ಶಫೀಸಾಬ ಬೀಡಿ ಹಚ್ಚುತ್ತ ಸಣ್ಣ ದನಿಯಲ್ಲಿ ಹೇಳಿದ: "ಈ ಸುಗ್ಗಿ ಪಾಲು ನಾಕು ಮಂದಿ ಎದುರಿಗೆ ಗೌಡಗ ಮುಟ್ಟಸು. ತಗೊಂಡ ಅಂದ್ರ ಅದೇ ಸಬೂತ. ಕೂಲಿ ಅಂತ ಏನರ ಕೊಟ್ರ ಮುಟ್ಟಬ್ಯಾಡ."

ಆ ಸಲ ರಾಶಿಗೆ ಮುದ್ರೆ ಬೀಳಲಿಲ್ಲ. ಮೂರನೆಯ ದಿನ ಕುಬೇರಪ್ಪ ಬಂದು ದೂರದಲ್ಲೇ ನಿಂತ.

"ರಾಶಿ ಪೂರಾ ನೀನ ಒಯ್ಯಬೇಕಂತ. ವರ್ಷದ ಕೂಲಿ ಅಂತ ತಿಳಕೊ ಅಂದಾರ ಗೌಡ್ರು."

ಎಂಟು ಚೀಲ ಜೋಳ. ಅಷ್ಟು ಕಾಳು ಅವರ ಮನೆ ಯಾವತ್ತೂ ಕಂಡಿರಲಿಲ್ಲ. ಅತ್ತೆ ಮುದುಕಮ್ಮ ಸೆರಗಿನಲ್ಲಿ ಆಗಲೇ ಕಾಳು ತುಂಬಿಕೊಳ್ಳುತ್ತಿದ್ದಳು. "ಒಯ್ಯೂಣ ಬಾ. ಹೊಟ್ಟಿ ತುಂಬತೈತಿ."

"ಈ ವರ್ಷ ತುಂಬತೈತಿ, ಅತ್ತಿ. ಹೊಲ ಹೋದ ಮ್ಯಾಲೆ?"

ಹುಲಿಗವ್ವ ಅತ್ತೆಯ ಸೆರಗು ಬಿಡಿಸಿ ಕಾಳನ್ನು ರಾಶಿಗೆ ಸುರುವಿದಳು. ರಾಶಿಯನ್ನು ಎರಡು ಪಾಲು ಮಾಡಿದಳು.

ಮರುದಿನ ಸಂತೆ. ಊರೆಲ್ಲ ಬೀದಿಯಲ್ಲಿತ್ತು. ಅವಳು ಬುಟ್ಟಿ ಹೊತ್ತು ಗೌಡನ ಮುಂಬಾಗಿಲಿಗೆ ಬಂದಳು. ಅವಳ ಕೇರಿಯವರು ಆ ಮೆಟ್ಟಿಲು ತುಳಿದದ್ದಿಲ್ಲ. ತುಳಿದಳು.

"ಯಾರು ಕೇಳಿದ್ರಲೇ ನಿನ್ನ?" ಗೌಡ ಒಳಗಿಂದ ಕೂಗಿದ.

"ನಿಮ್ಮ ಪಾಲ್ರಿ."

"ಹೊತಗೊಂಡು ಹೋಗ, ಹಲ್ಕಟ್ ರಂಡೆ!"

"ಹನ್ನೊಂದು ವರ್ಷ ಒಂದು ಕಾಳು ಬಿಟ್ಟಿಲ್ಲ ನೀವು. ಇವತ್ತ್ಯಾಕ ಒಲ್ಲಿರಿ?"

ಬಾಗಿಲು ಮುಚ್ಚಿತು. ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲೆ ಬೋರಲು ಹಾಕಿ, ಕಣಕ್ಕೆ ಹೋಗಿ, ಇನ್ನೊಂದು ಹೊತ್ತು ತಂದಳು. ಮತ್ತೊಂದು. ಸಂತೆಗೆ ಬಂದವರು ನಿಂತು ನೋಡಿದರು. ಜೋಳ ಮೆಟ್ಟಿಲಿಳಿದು ಬೀದಿಗೆ ಹರಿಯಿತು. ಆಡುಗಳು ಬಂದು ಬಾಯಿ ಹಾಕಿದವು.

ಕುಬೇರಪ್ಪ ಬಡಿಗೆ ಎತ್ತಿಕೊಂಡು ಓಡಿ ಬಂದ.

"ಹೊಡಿಯೋ," ಹುಲಿಗವ್ವ ಅಂದಳು. ದನಿ ಏರಲಿಲ್ಲ. "ನಿನ್ನ ಗೌಡನ ಕಾಳಿದ್ರ ಆಡು ಹೊಡದೋಡಿಸು. ಗೌಡ ಪಾಲು ತಗೊಂಡ ಅಂತ ಮಂದಿ ನೋಡ್ಲಿ."

ಬಡಿಗೆ ಮೇಲೆಯೇ ನಿಂತಿತು. ಕುಬೇರಪ್ಪ ಬಾಗಿಲ ಕಡೆ ನೋಡಿದ. ಬಾಗಿಲು ತೆರೆಯಲಿಲ್ಲ. ಆಡುಗಳು ತಿನ್ನುತ್ತಿದ್ದವು. ಹುಲಿಗವ್ವ ಸಿಂಬೆಯನ್ನು ತಲೆಯ ಮೇಲೆ ಸರಿಮಾಡಿಕೊಂಡು, ಮುಂದಿನ ಬುಟ್ಟಿಗೆ ಹೊರಟಳು.