ಬಿಸಿಲಿನ ಹುಳ

ನಮ್ಮಣ್ಣ ಗೌರೀಶ ಒಂದು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಚಾಮರಾಜಪೇಟೆಯ ಮಕ್ಕಳನ್ನೆಲ್ಲ ನಗಿಸುತ್ತಾನೆ, ಸ್ವಂತ ಮಗಳ ಎದುರು ಮಾತ್ರ ನಾಲಿಗೆ ಬಿದ್ದುಹೋದವನ ಹಾಗೆ ಕೂರುತ್ತಾನೆ. ಅತ್ತಿಗೆ ಬೇರೆ ಹೋದ ಮೇಲೆ ಕೋರ್ಟು ಅವನಿಗೆ ಕೊಟ್ಟಿದ್ದು ತಿಂಗಳಿಗೆ ಎರಡು ಶನಿವಾರ. ಆ ದಿನಗಳಲ್ಲಿ ಆರಾಧನಾ ಬಂದು, ಡಾಕ್ಟರ ಸರದಿಗೆ ಕಾಯುವವರಂತೆ ಸೋಫಾದ ತುದಿಯಲ್ಲಿ ಕೂತು, ಫೋನು ನೋಡಿ, ವಾಪಸು ಹೋಗುತ್ತಿದ್ದಳು. ಅಡುಗೆಮನೆಯಿಂದ ಇದನ್ನು ನೋಡುವ ನನಗೆ ಇಬ್ಬರ ತಲೆಗೂ ಒಂದೊಂದು ಮೊಟಕಬೇಕು ಅನ್ನಿಸುತ್ತಿತ್ತು.

ಈಗ ಅತ್ತಿಗೆಗೆ ಪುಣೆಗೆ ವರ್ಗವಾಗುವುದರಲ್ಲಿತ್ತು. ದಸರಾ ಮುಗಿದ ವಾರ ಜಡ್ಜು ಆರಾಧನಾಳನ್ನು ಒಬ್ಬಳನ್ನೇ ಕೂರಿಸಿಕೊಂಡು, ಅಪ್ಪನ ಮನೆಗೆ ಬರುವುದು ನಿನಗೆ ಇಷ್ಟವಾ ಎಂದು ಕೇಳುವವರಿದ್ದರು. ಇಷ್ಟ ಅಂದರೆ ಅವಳು ಇಲ್ಲೇ ತಾಯಿಯ ತವರಿನಲ್ಲಿದ್ದು ಓದುತ್ತಾಳೆ, ನಮ್ಮ ಶನಿವಾರಗಳು ಉಳಿಯುತ್ತವೆ. ಇಲ್ಲವಾದರೆ ಪುಣೆ.

"ಎಲ್ಲಾ ಮಗು ಬಾಯಲ್ಲಿದೆ ಸಾರ್," ಎಂದಿದ್ದರು ನಮ್ಮ ಲಾಯರು ಮುತ್ತುರಾಜ್. "ಹೀಗ್ ಹೇಳು, ಹಾಗ್ ಹೇಳು ಅಂತ ಮಾತ್ರ ಹೇಳ್ಕೊಡ್ಬೇಡಿ. ಜಡ್ಜ್‌ಗೆ ಗೊತ್ತಾದ್ರೆ ಕೇಸು ಕೆಟ್ಟೋಗುತ್ತೆ."

ಹೀಗಿರುವಾಗ ಒಂದು ಶನಿವಾರ ಆ ಹುಡುಗಿ ಫೋನಿನಿಂದ ತಲೆಯೆತ್ತಿ, "ಅಪ್ಪಾ, ಇದನ್ನ ಮಾಡಕ್ ಬರುತ್ತಾ ನಿಂಗೆ?" ಎಂದು ಕೇಳಿಬಿಟ್ಟಳು. ಬ್ಯಾಟರಿಯೇ ಇಲ್ಲದೆ ಬಿಸಿಲಿನಲ್ಲಿ ಓಡಾಡುವ ಒಂದು ಪುಟಾಣಿ ರೋಬೋ ಹುಳದ ವಿಡಿಯೋ. ಮಾಡೋಕೆ ಬರುತ್ತದೋ ಇಲ್ಲವೋ ಎಂದು ಅಣ್ಣ ಯೋಚಿಸಲೇ ಇಲ್ಲ. "ಓ, ಬರುತ್ತೆ" ಅಂದ. ಅವಳು ಪಕ್ಕಕ್ಕೆ ಸರಿದು ಅವನಿಗೆ ಜಾಗ ಕೊಟ್ಟಳು. ನಾನು ಒಗ್ಗರಣೆ ಸೀದುಹೋದರೆ ಹೋಗಲಿ ಎಂದು ಅಲ್ಲೇ ನಿಂತು ನೋಡಿದೆ.

ಸೋಮವಾರವೇ ಅಣ್ಣ ಎಲೆಕ್ಟ್ರಾನಿಕ್ ಅಂಗಡಿಗಳ ಎಸ್.ಪಿ. ರೋಡಿಗೆ ಹೋಗಿ ಸಾಮಾನು ತಂದ. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದೊಡ್ಡ ಸೋಲಾರ್ ಪ್ಲೇಟು, ಒಂದು ದಪ್ಪ ಕೆಪಾಸಿಟರ್, ಎರಡು ಟ್ರಾನ್ಸಿಸ್ಟರ್, ಹಳೇ ಮೊಬೈಲಿನ ಪುಟ್ಟ ಮೋಟಾರು.

"ಇಷ್ಟು ಸಣ್ಣ ಪ್ಲೇಟಿನ ಕರೆಂಟು ಮೋಟಾರ್ ತಿರುಗ್ಸಕ್ಕೆ ಸಾಲಲ್ಲ ವಾಣಿ," ಎಂದು ನನಗೆ ಪಾಠ ಮಾಡಿದ. "ಅದಕ್ಕೇ ಕೆಪಾಸಿಟರಲ್ಲಿ ಚೂರುಚೂರೇ ಕೂಡಿಡೋದು. ತುಂಬಿದ ತಕ್ಷಣ ಟ್ರಾನ್ಸಿಸ್ಟರ್ ಬಾಗಿಲು ತೆಗೆಯುತ್ತೆ, ಅಷ್ಟೂ ಒಂದೇ ಸಲ ಮೋಟಾರಿಗೆ. ಹುಳ ಒಂದ್ಸಲ ಕುಪ್ಪಳಿಸುತ್ತೆ. ಆಮೇಲೆ ಮತ್ತೆ ಕಾಯೋದು."

"ನಿನ್ನ ಮಾತಿನ ಥರಾನೇ ಅನ್ನು," ಎಂದೆ. ನಕ್ಕ. ಅವನು ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ಹುಳ ತಾರಸಿಯ ಮೇಲೆ ಚೆನ್ನಾಗಿಯೇ ಕುಪ್ಪಳಿಸಿತು. ಹಬ್ಬಕ್ಕೆ ಅರ್ಧ ದಿನ ಕಳಿಸುತ್ತೇನೆಂದು ಅತ್ತಿಗೆಯೂ ಒಪ್ಪಿದಳು. ವಿಚಾರಣೆಗೆ ಮುಂಚೆ ಅದೇ ಕೊನೆಯ ಭೇಟಿ.

ಆಯುಧಪೂಜೆಯ ಬೆಳಿಗ್ಗೆ ನಮ್ಮಮ್ಮ ಗಿರಿಜಾಂಬಾ ಗಂಧ ಕುಂಕುಮ ಹಿಡಿದು ಹೊರಟರೆ ಮನೆಯಲ್ಲಿ ಒಂದು ಚಮಚವನ್ನೂ ಬಿಡುವವಳಲ್ಲ. ಸ್ಕೂಟರು, ಮಿಕ್ಸಿ, ಈಳಿಗೆಮಣೆ, ನನ್ನ ಲ್ಯಾಪ್‌ಟಾಪು, ಅಣ್ಣನ ಬೆಸುಗೆ ಕಡ್ಡಿ, ಹುಳ, ಎಲ್ಲಕ್ಕೂ ಬೊಟ್ಟಿಟ್ಟು ಮಂಗಳಾರತಿ ಎತ್ತಿದಳು. "ಮೊಮ್ಮಗಳ ಹುಳಕ್ಕೆ ದೃಷ್ಟಿಯಾಗ್ದೇ ಇರ್ಲಿ," ಎಂದು ಅದಕ್ಕೆ ಒಂದು ಸೇವಂತಿಗೆಯನ್ನೂ ಏರಿಸಿದಳು.

ಆರಾಧನಾ ಬಂದವಳೇ ಸೋಫಾ ಕಡೆಗೆ ನೋಡದೆ ತಾರಸಿಗೆ ಓಡಿದಳು. ಸುಡುಬಿಸಿಲು. ಅಣ್ಣ ಹೂವು ತೆಗೆದು ಹುಳವನ್ನು ನೆಲಕ್ಕಿಟ್ಟ. ಕಾದೆವು. ಅದು ಅಲ್ಲಾಡಲಿಲ್ಲ.

"ಕೆಪಾಸಿಟರ್ ತುಂಬ್ಬೇಕು, ಇರು," ಎಂದ. ತುಂಬಲಿಲ್ಲ. ಮೀಟರು ಹಚ್ಚಿದರೆ ಮುಳ್ಳು ಏಳಲಿಲ್ಲ. ತಿರುಗಿಸಿದ, ಊದಿದ, ತಂತಿಗಳನ್ನು ಜಗ್ಗಿದ. ಅವನ ಕಿವಿ ಕೆಂಪಾಯಿತು. "ಎಲ್ಲೋ ಬೆಸುಗೆ ಬಿಟ್ಟಿದೆ," ಎಂದು ಕೆಳಗೆ ಓಡಿ ದೇವರ ಮುಂದಿನ ಮಣೆಯಿಂದ ಬೆಸುಗೆ ಕಡ್ಡಿ ಎತ್ತಿಕೊಂಡ.

"ಲೋ, ದೇವ್ರ ಮುಂದೆ ಇಟ್ಟಿದ್ದನ್ನ ಇವತ್ತು ಮುಟ್ಬಾರ್ದು ಕಣೋ! ನಾಳೆ ತೆಗೆಯೋವಂತೆ!"

"ನಾಳೆ ಅವಳು ಇಲ್ಲಿರ್ತಾಳೇನಮ್ಮಾ?" ಎಂದು ಅಣ್ಣ ಕಿರುಚಿದ. ಅಮ್ಮ ಅಳುವುದಕ್ಕೆ ಶುರುಮಾಡಿದಳು. ಆರಾಧನಾ ಮೆಟ್ಟಿಲ ಮೇಲೆ ಗೋಡೆಗೆ ಅಂಟಿಕೊಂಡು ನಿಂತಿದ್ದಳು. ಅಣ್ಣ ಅವಸರದಲ್ಲಿ ಕಾದ ಕಡ್ಡಿಯನ್ನು ಒತ್ತಿದ. ಟ್ರಾನ್ಸಿಸ್ಟರ್ ಸುಟ್ಟು ಒಂದು ಎಳೆ ಹೊಗೆ ಬಂತು. ಹೊಸದು ತರೋಣವೆಂದರೆ ಹಬ್ಬದ ದಿನ ಅಂಗಡಿಗಳೆಲ್ಲ ಮುಚ್ಚಿದ್ದವು. ಕೊನೆಗೆ ಅವಳು ಹೋಗಿ ಸೋಫಾದ ತುದಿಯಲ್ಲಿ ಕೂತು ಫೋನು ತೆಗೆದಳು.

ಅವಳನ್ನು ಬಿಡುವುದಕ್ಕೆ ನಾನೇ ಸ್ಕೂಟರಿನಲ್ಲಿ ಮಕ್ಕಳ ಕೂಟದ ಪಾರ್ಕಿನ ಗೇಟಿಗೆ ಕರೆದುಕೊಂಡು ಹೋದೆ. ಅವಳಮ್ಮ ಬರುವವರೆಗೆ ಇಬ್ಬರೂ ನಿಂತೆವು.

"ಅತ್ತೆ," ಎಂದಳು ಮೆಲ್ಲಗೆ. "ಹುಳ ಕೆಟ್ಟಿರ್ಲಿಲ್ಲ. ಪ್ಲೇಟಲ್ಲಿ ಪಟ್ಟಿಪಟ್ಟಿ ಇರುತ್ತಲ್ಲಾ, ಒಂದು ಪಟ್ಟಿ ಮುಚ್ಚಿದ್ರೂ ಪೂರ್ತಿ ಕರೆಂಟ್ ನಿಂತೋಗುತ್ತೆ. ವಿಡಿಯೋದಲ್ಲಿ ಹೇಳಿದ್ರು. ಅಜ್ಜಿ ಅದರ ಮೇಲೇ ಕುಂಕುಮ ಇಟ್ಟಿದ್ರು."

ನನಗೆ ತಲೆಗೆ ಹೊಡೆದಂತಾಯಿತು. ಅಷ್ಟು ದಪ್ಪ ಬೊಟ್ಟು ಕಣ್ಣೆದುರಿಗಿದ್ದರೂ ನಾವು ಯಾರೂ ಅದನ್ನು ನೋಡಿರಲಿಲ್ಲ. ಹಬ್ಬದ ದಿನ ಕುಂಕುಮವಿಲ್ಲದ ವಸ್ತು ನಮ್ಮ ಮನೆಯಲ್ಲಿ ಯಾವುದಿತ್ತು?

"ಅಲ್ಲೇ ಹೇಳ್ಬಾರ್ದಿತ್ತಾ ಪುಟ್ಟಿ?"

"ಹೇಳಿದ್ರೆ ಅಪ್ಪ ಅಜ್ಜಿಗೆ ಬೈತಿದ್ರು. ಸುಮ್ನಿದ್ರೆ ಯಾರ ಮೇಲೂ ತಪ್ಪು ಬರಲ್ಲ." ಷೂ ತುದಿಯಿಂದ ನೆಲ ಕೆರೆದಳು. "ನಾನು ಎರಡೂ ಮನೇಲಿ ಹಂಗೇ ಇರ್ತೀನಿ. ಜಡ್ಜ್ ಹತ್ರಾನೂ ಹಂಗೇ ಇರ್ತೀನಿ."

ಬೇಡ ಕಣೇ, ಅಲ್ಲಾದರೂ ಮನಸ್ಸಿನಲ್ಲಿರುವುದನ್ನು ಹೇಳೇ ಎಂದು ಕೂಗಬೇಕು ಅನ್ನಿಸಿತು. ಹಾಗಂದರೆ ಹೇಳಿಕೊಟ್ಟಂತೆ. ರಸ್ತೆ ದಾಟಿ ಬರುತ್ತಿದ್ದ ಅತ್ತಿಗೆ ಅದನ್ನೇ ಕೋರ್ಟಿನಲ್ಲಿ ಎತ್ತಿದರೆ? ಬಾಯಿಗೆ ಬಂದದ್ದನ್ನೆಲ್ಲ ಆಡಿಬಿಡುವ ನಾನು ಅಂದು ಹಲ್ಲು ಕಚ್ಚಿ ನಿಂತೆ. ಅವಳು ಟಾಟಾ ಮಾಡಿ ಹೋದಳು.

ಅವಳು ಹೇಳಿದ್ದನ್ನೆಲ್ಲ ಅಣ್ಣನಿಗೆ ಮಾತ್ರ ಹೇಳಿದೆ. ಅವನು ಕುಂಕುಮದ ವಿಷಯ ಅಮ್ಮನಿಗೆ ಹೇಳಬೇಡವೆಂದ.

ವಿಚಾರಣೆಯ ದಿನ ಜಡ್ಜರ ಕೋಣೆಯಿಂದ ಮುತ್ತುರಾಜ್ ಮುಖ ಇಳಿಬಿಟ್ಟುಕೊಂಡು ಬಂದರು. "ಬಾಯೇ ಬಿಡ್ಲಿಲ್ಲವಂತೆ ಸಾರ್. ಅಪ್ಪ ಇಷ್ಟಾನಾ, ಅಮ್ಮ ಇಷ್ಟಾನಾ, ಹೇಗೆ ಕೇಳಿದ್ರೂ ಇಲ್ವಂತೆ. ಇಷ್ಟ ಇದ್ದಿದ್ರೆ ಹೇಳ್ತಿತ್ತು ಅಂತ ತಾಯಿ ಕಡೆಗೇ ಆಯ್ತು."

ಹಿಂದೆಯೇ ಆರಾಧನಾ ಬಂದಳು. ತನ್ನಮ್ಮನ ಕೈ ಹಿಡಿದುಕೊಂಡು ಹೋಗುತ್ತಾ ಹಿಂತಿರುಗಿ ಅಪ್ಪನನ್ನು ನೋಡಿ ಸಣ್ಣಗೆ ನಕ್ಕಳು. ಯಾರಿಗೂ ಬೇಜಾರು ಮಾಡದೆ ಬಂದೆನೆಂಬ ನೆಮ್ಮದಿ ಅವಳ ಮುಖದಲ್ಲಿತ್ತು. ಅಣ್ಣ ಬೆಂಚಿನಿಂದ ಎದ್ದು, ಅವಳಿಗೆ ಕಾಣುವಂತೆ, ತಾನೂ ನಕ್ಕ.