ಕಂಬದಿಂದ ಇಳಿಯುವವರೆಗೆ

ನಮ್ಮ ಅತ್ತೆಯ ಉಸಿರು ಗೋಡೆಯ ಪ್ಲಗ್ಗಿನಿಂದ ಬರುತ್ತಿತ್ತು. ಮಂಚದ ಪಕ್ಕ ಗಾಲಿಗಳ ಮೇಲೆ ನಿಂತ ಆಕ್ಸಿಜನ್ ಯಂತ್ರ, ಅದರಿಂದ ಮೂಗಿಗೆ ಒಂದು ಸಪೂರ ನಳಿಗೆ. ಅದು ಗುರ್ರೆನ್ನುತ್ತಿದ್ದರೆ ಮನೆಗೆಲ್ಲ ನೆಮ್ಮದಿ. ಕರೆಂಟ್ ಹೋದರೆ ಕಿರುಚತೊಡಗುತ್ತಿತ್ತು, ಆಗ ನಳಿಗೆಯನ್ನು ಮೂಲೆಯ ಸಣ್ಣ ಸಿಲಿಂಡರಿಗೆ ಬದಲಾಯಿಸಬೇಕು. ಈ ಕಾಟ ತಪ್ಪಲೆಂದೇ ನನ್ನ ಗಂಡ ತಾರಸಿಗೆ ಸೋಲಾರ್ ಹಾಕಿಸಲು ಹೊರಟರು.

ಹಾಕುವವನು ಬಂದ ದಿನ ಇವರು ಮೇಲೆ ನೀರಿನ ಟ್ಯಾಂಕಿನ ನೆರಳು ಎಲ್ಲಿಯವರೆಗೆ ಬೀಳುತ್ತದೆಂದು ನೋಡುತ್ತಿದ್ದರು. ಅವನು ಕೆಳಗೆ ಅತ್ತೆಯ ಮುಂದೆ ಕೂತು ಹೊಸ ಮೀಟರಿನ ಪಾಠ ಶುರುಮಾಡಿದ. ಹಗಲು ತಾರಸಿಯಲ್ಲಿ ಹುಟ್ಟುವ ಕರೆಂಟನ್ನು ಮೊದಲು ಮನೆ ಬಳಸುತ್ತದೆ, ಉಳಿದದ್ದು ಬೀದಿಯ ಲೈನಿಗೆ ಹೋಗುತ್ತದೆ. ಬಿಸಿಲಿಳಿದ ಮೇಲೆ ನಮಗೆ ಬೇಕಾದದ್ದು ಲೈನಿನಿಂದ ಬರುತ್ತದೆ. ಹೋದದ್ದನ್ನೂ ಬಂದದ್ದನ್ನೂ ಮೀಟರು ಬೇರೆ ಬೇರೆ ಎಣಿಸುತ್ತದೆ, ಕೊನೆಗೆ ಒಂದರಲ್ಲಿ ಒಂದನ್ನು ಕಳೆದು ಬಿಲ್ಲು.

"ಪಕ್ಕದ್ಮನೆಗೆ ಬೆಳಗ್ಗೆ ಸಕ್ಕರೆ ಕೊಟ್ಟು ಸಂಜೆ ವಾಪಸ್ ಇಸ್ಕೊಂಡ ಹಾಗೆ ಅನ್ನು," ಎಂದರು ಅತ್ತೆ.

"ಅಷ್ಟೇ ಅಮ್ಮ."

"ಲೈನು ಸತ್ತಾಗ ಇದೂ ಸಾಯುತ್ತಾ?"

"ಸಾಯುತ್ತಮ್ಮ. ತಾನಾಗೇ ನಿಂತ್ಹೋಗುತ್ತೆ."

"ಹಾಗಾದ್ರೆ ಹಾಕಪ್ಪ."

ನಾನು ಬಾಗಿಲಲ್ಲೇ ನಿಂತು ಕೇಳಿ ನಕ್ಕುಬಿಟ್ಟೆ. ಅರವತ್ತಕ್ಕೆ ಅರಳುಮರಳು ಅನ್ನುತ್ತಾರೆ, ಇವರಿಗಂತೂ ಎಪ್ಪತ್ತು ದಾಟಿತ್ತು. ಒಂದು ಕಿವಿಯಲ್ಲಿ ಕೇಳಿದ್ದನ್ನು ಇನ್ನೊಂದರಲ್ಲಿ ಬಿಟ್ಟೆ.

ನಮ್ಮ ಮಾವನವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಅವರು ಲೈನ್‌ಮನ್ ಆಗಿದ್ದರು. ನನ್ನ ಗಂಡ ಇನ್ನೂ ಅಂಬೆಗಾಲಿಡುತ್ತಿದ್ದಾಗ ಕಂಬದಿಂದ ಕಾಲು ಜಾರಿ ಬಿದ್ದು ತೀರಿಕೊಂಡರಂತೆ. ಇವರನ್ನು ಎತ್ತಿ ಆಡಿಸಿ, ಕೆಲಸ ಕಲಿಸಿ, ಮದುವೆ ಮಾಡಿಸಿದ್ದೆಲ್ಲ ಅತ್ತೆಯ ತಮ್ಮ. ಬೀದಿಯಲ್ಲಿ ಎಲ್ಲರಿಗೂ ಅವರು ಲೇತ್ ಮಾವ. ಅವರ ಲೇತ್ ಅಂಗಡಿಯಲ್ಲೇ ಇವರ ದುಡಿಮೆ. ಅಂಗಡಿಗೆ ಒಂದು ಜನರೇಟರ್ ತನ್ನಿ ಎಂದು ಗಿರಾಕಿಗಳು ಎಷ್ಟು ಹೇಳಿದರೂ ಲೇತ್ ಮಾವ ಕೇಳಿದವರಲ್ಲ. ಕರೆಂಟ್ ಹೋದರೆ ಎಲ್ಲ ಬಿಟ್ಟು ಹೊರಗೆ ಸ್ಟೂಲು ಹಾಕಿಕೊಂಡು ಕಂಬ ನೋಡುತ್ತ ಕೂರುವರು. "ಕುಣಿಯಲಾರದವಳಿಗೆ ನೆಲ ಡೊಂಕು, ನಮ್ಮ ಮಾವನಿಗೆ ಕರೆಂಟ್ ನೆಪ" ಎಂದು ನಾನು ಛೇಡಿಸಿದರೆ ನಗುತ್ತಿದ್ದರು.

ಸೋಲಾರ್ ಬಂದ ಮೇಲೆ ಒಂದೆರಡು ಸಲ ಕರೆಂಟ್ ಹೋದದ್ದೂ ಕತ್ತಲಾದ ಮೇಲೆಯೇ, ಹಾಗಾಗಿ ಹಗಲಲ್ಲಿ ಸೋಲಾರ್ ಕೈಹಿಡಿಯುತ್ತದೆಂಬ ನಮ್ಮ ಭ್ರಮೆ ಹಾಗೇ ಉಳಿಯಿತು. ಆಮೇಲೆ ಒಂದು ಬೆಳಗಿನ ಜಾವ ಬಿರುಗಾಳಿ ಬೀಸಿ ಬೀದಿಯ ಲೈನು ಹರಿದು ಬಿತ್ತು. ನಳಿಗೆಯನ್ನು ಸಿಲಿಂಡರಿಗೆ ಹಾಕಿ, ಬಿಸಿಲು ಬರಲಿ ಎಂದು ಕಾದೆವು. ಬಿಸಿಲು ಬಂತು, ಕಣ್ಣು ಬಿಡಲಾರದಷ್ಟು ಬಂತು. ಯಂತ್ರ ಮಾತ್ರ ಏಳಲಿಲ್ಲ. ಇವರು ಸೋಲಾರಿನವನಿಗೆ ಫೋನ್ ಹಚ್ಚಿ ಕೂಗಾಡಿದರು.

"ಲೈನಲ್ಲಿ ಕರೆಂಟ್ ಇಲ್ದಿದ್ರೆ ಅದು ನಿಲ್ಲಲೇಬೇಕು ಸಾರ್," ಎಂದ ಅವನು. "ಮಿಕ್ಕಿದ ಕರೆಂಟ್ ಹೊರಗೆ ಹೋಗುತ್ತಲ್ಲ, ಅಲ್ಲಿ ರಿಪೇರಿಯವರು ವೈರು ಹಿಡಿದಿದ್ರೆ? ಬ್ಯಾಟರಿ ಇರೋ ಸೋಲಾರ್ ಬೇರೆ. ಅವತ್ತೇ ಅಮ್ಮ ಕೇಳಿದ್ರು, ಹೇಳಿದ್ದೆ."

ಸಿಲಿಂಡರಿನ ಮುಳ್ಳು ಕೆಂಪಿಗೆ ಇಳಿದಿತ್ತು. ದಾರಿಗೆ ಮರ ಬಿದ್ದಿದೆ, ಸುತ್ತಿ ಬರುತ್ತೇವೆ ಎಂದರು ಆಂಬುಲೆನ್ಸಿನವರು. ಅತ್ತೆಯ ತುಟಿ ನೀಲಿಗೆ ತಿರುಗುತ್ತಿತ್ತು.

ಇವರು ಹಿಂದಿನ ಬೀದಿಯಲ್ಲಿ ಮನೆ ಕಟ್ಟುತ್ತಿದ್ದವರ ಜನರೇಟರನ್ನು ಅಂಗಳಕ್ಕೆ ಎಳೆದು ತಂದು ಶುರುಮಾಡಿದರು. ಎರಡೂ ತುದಿಗೆ ಪಿನ್ನಿದ್ದ ವೈರಿನ ಒಂದು ತುದಿಯನ್ನು ಕೈಯಲ್ಲಿ ಹಿಡಿದು, ಇನ್ನೊಂದನ್ನು ಕಿಟಕಿಯ ಕೆಳಗಿನ ಪ್ಲಗ್ಗಿಗೆ ಚುಚ್ಚಿದರು. ಜನರೇಟರಿಗೆ ಸಿಕ್ಕಿಸುವುದೊಂದೇ ಬಾಕಿ.

"ಮನೆಗೆಲ್ಲ ಬಂದ್ಬಿಡುತ್ತೆ ಈಗ," ಎಂದರು.

ಅತ್ತೆ ಕಿಟಕಿಯಿಂದ ಆ ವೈರನ್ನು ಕಂಡರು. ಮೂಗಿನ ನಳಿಗೆಯನ್ನು ಕಿತ್ತು ಕೂಗಿದರು.

"ಬೇಡ ಮಗಾ! ಮೇನ್ ಸ್ವಿಚ್ ತೆಗೆದ್ಯಾ?"

"ಮೊದ್ಲು ನಿನ್ನ ಉಸಿರು ನೋಡೋಣ, ಆಮೇಲೆ ತೆಗೀತೀನಿ."

"ನಿಮ್ಮಪ್ಪ ಕಾಲು ಜಾರಿ ಬೀಳ್ಲಿಲ್ಲ ಕಣೋ." ಒಂದೊಂದು ಮಾತಿಗೂ ಬಾಯಿ ತೆರೆದು ಗಾಳಿ ಎಳೆದುಕೊಳ್ಳುತ್ತಿದ್ದರು. "ಲೈನು ಆಫ್ ಮಾಡ್ಸಿಯೇ ಹತ್ತಿದ್ರು... ಒಬ್ರು ಜನರೇಟರ್ ಹೀಗೇ ಹಾಕಿದ್ರು... ಕರೆಂಟ್ ಹಿಂದಕ್ಕೆ ಲೈನಿಗೆ ಹೋಯ್ತು."

ನಾನು ಆಗ ಬೀದಿಯ ಕೊನೆಗೆ ನೋಡಿದೆ. ಕಂಬದ ತುದಿಯಲ್ಲಿ ಒಬ್ಬ ಬೆಲ್ಟ್ ಕಟ್ಟಿಕೊಂಡು ತಂತಿಗೆ ಕೈ ಹಾಕಿ ನಿಂತಿದ್ದ.

"ಯಾರು? ಯಾರ ಜನರೇಟರ್ ಅಮ್ಮ?" ಎಂದರು ಇವರು.

ಅತ್ತೆ ನಳಿಗೆಯನ್ನು ಮೂಗಿಗೆ ಸಿಕ್ಕಿಸಿಕೊಂಡು ಮುಖ ತಿರುಗಿಸಿದರು. ಇಷ್ಟು ವರ್ಷ ಮುಚ್ಚಿದ್ದ ಬಾಯಿಯನ್ನು ಅದೊಂದು ಹೆಸರಿಗೆ ಅವರು ಸಾಯುವ ಹೊತ್ತಲ್ಲೂ ತೆರೆಯುವವರಲ್ಲ.

"ನಂದು ಮಗಾ."

ಗೇಟಿನಲ್ಲಿ ಲೇತ್ ಮಾವ ನಿಂತಿದ್ದರು. ಜನರೇಟರಿನ ಸದ್ದು ಕೇಳಿ ಓಡಿ ಬಂದಿರಬೇಕು, ಕಾಲಲ್ಲಿ ಚಪ್ಪಲಿ ಇರಲಿಲ್ಲ.

"ಕೆಲಸ ನಿಲ್ಬಾರ್ದು ಅಂತ ಇಂಥದೇ ವೈರು ಚುಚ್ಚಿದ್ದೆ. ಭಾವ ಮೇಲಿದ್ರು."

ಇವರ ಕೈಯಿಂದ ವೈರು ಜಾರಿತು. ಮಾವನ ಕಡೆಗೆ ಒಂದು ಹೆಜ್ಜೆ ಇಟ್ಟರು. ಹೊಡೆಯಲೋ, ಹಿಡಿದು ಅಳಲೋ, ಅವರಿಗೇ ಗೊತ್ತಿರಲಿಲ್ಲ. ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಅನ್ನುತ್ತಾರೆ, ಅವತ್ತು ಗಂಡಸರದು ಎಲ್ಲಿತ್ತೋ ಕಾಣೆ. ನನಗೆ ಸಿಟ್ಟು ನೆತ್ತಿಗೇರಿತು.

"ಜಗಳ ಆಮೇಲೆ ಆಡಿ ರೀ! ಆ ವೈರು ಕಿತ್ತು ಎಸೀರಿ. ಯಂತ್ರಾನೇ ಹೊರಗೆ ತನ್ನಿ!"

ಯಂತ್ರಕ್ಕೆ ಗಾಲಿ ಇದ್ದದ್ದು ಆಗ ಎಲ್ಲರಿಗೂ ನೆನಪಾಯಿತು. ಅದನ್ನು ಅಂಗಳಕ್ಕೆ ಉರುಳಿಸಿ ತಂದು, ಅದರ ಪಿನ್ನನ್ನು ನೇರ ಜನರೇಟರಿಗೇ ಹಾಕಿದೆವು. ಮನೆಯ ವೈರಿಗೂ ಅದಕ್ಕೂ ಸಂಬಂಧವೇ ಇಲ್ಲ. ಅತ್ತೆಯನ್ನು ಕುರ್ಚಿಯಲ್ಲಿ ಕೂರಿಸಿ ಎತ್ತಿ ತಂದೆವು. ಒಂದು ಕಡೆ ಇವರು, ಇನ್ನೊಂದು ಕಡೆ ಮಾವ. ಇಬ್ಬರೂ ಮುಖ ನೋಡಿಕೊಳ್ಳಲಿಲ್ಲ. ಜನರೇಟರಿನ ಹೊಗೆ ತಾಗದ ಹಾಗೆ ದೂರಕ್ಕೆ ಕೂರಿಸಿ ನಳಿಗೆ ಸಿಕ್ಕಿಸಿದೆ. ಯಂತ್ರ ಗುರ್ರೆಂದಿತು. ತುಟಿಯ ನೀಲಿ ಇಳಿಯುವವರೆಗೆ ನಾನು ಅವರ ಕೈ ಬಿಡಲಿಲ್ಲ. ಲೈನು ಸತ್ತಾಗ ತನ್ನ ಉಸಿರೂ ನಿಲ್ಲಬಹುದೆಂದು ಗೊತ್ತಿದ್ದೇ ಈ ಮುದುಕಿ ಅವತ್ತು "ಹಾಕಪ್ಪ" ಎಂದಿದ್ದರು. ನಾನು ನಕ್ಕಿದ್ದೆ.

ಮಾವ ಅಲ್ಲಿ ನಿಲ್ಲಲಿಲ್ಲ. ಬರಿಗಾಲಲ್ಲೇ ಕಾದ ಬೀದಿಯ ಮೇಲೆ ನಡೆದು ಹೋಗಿ ಕಂಬದ ಬುಡದ ಹತ್ತಿರ ನಿಂತು ಕತ್ತೆತ್ತಿದರು. ಅತ್ತೆಯ ಕಣ್ಣು ಮಂದ, ಅಷ್ಟು ದೂರ ಕಾಣದು. ಆದರೂ ಅತ್ತಲೇ ನೋಡುತ್ತ ಕೂತರು. ಇವರು ಜನರೇಟರಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಮುಖ ಮುಚ್ಚಿಕೊಂಡಿದ್ದರು.

ಆಂಬುಲೆನ್ಸ್ ಬರುವ ಮೊದಲೇ ಮೀಟರಿನ ದೀಪ ಹತ್ತಿತು. ಮಾವ ನಿಧಾನವಾಗಿ ವಾಪಸ್ ಬಂದರು. ಗೇಟಿನ ಒಳಗೆ ಕಾಲಿಡಲು ಅನುಮಾನಿಸಿ ನಿಂತರು. ನನ್ನ ಗಂಡ ಎದ್ದು ಗೇಟನ್ನು ಪೂರ್ತಿ ತೆರೆದು ಹಿಡಿದರು.

ಅತ್ತೆ ನಳಿಗೆಯನ್ನು ಸ್ವಲ್ಪ ಸರಿಸಿದರು.

"ಇಳಿದ್ನೇನೋ?"

"ಇಳಿದ ಅಕ್ಕ," ಎಂದರು ಮಾವ, ಅವರ ಕಾಲ ಹತ್ತಿರ ನೆಲದ ಮೇಲೆ ಕೂರುತ್ತ. "ನೆಲದ ಮೇಲೆ ಕಾಲಿಟ್ಟಿದ್ದನ್ನ ನೋಡಿಯೇ ಬಂದೆ."